ಖತೀಜಮ್ಮನ ಕಿವಿ

ಪಾಣೆಮಂಗಳೂರಿನ ಪೇಟೆ ಇನ್ನೂ ಶಟರ್ ಎತ್ತಿಲ್ಲ. ನಸುಕಿನ ಸುಬಹಿ ನಮಾಝ್ ಮುಗಿಸಿದ ರಶೀನಾ ಅಡುಗೆ ಮನೆಯ ನೆಲದ ಮೇಲೆ ಚಾಪೆ ಹಾಸಿ ಕೂತಿದ್ದಾರೆ. ಈಗಷ್ಟೇ ಕಾಯಿಸಿ ಇಳಿಸಿದ ಮೈದಾ ಅಂಟು ಬಟ್ಟಲಲ್ಲಿ ಹಬೆಯಾಡುತ್ತಿದೆ. ಎದುರಿಗೆ ತೆರೆದಿಟ್ಟ ಮಕ್ಕಳ ಪುಸ್ತಕ. ನುಣುಪು ಕಾಗದ, ಹೊಳೆಯುವ ಬಣ್ಣ. ಅದರಲ್ಲೊಬ್ಬಳು ಅಜ್ಜಿ: ದುಂಡು ಕನ್ನಡಕ, ಬಿಳಿ ತುರುಬು, ಜರಿ ಸೀರೆ, ಗುಲಾಬಿ ಕೆನ್ನೆ. ರಶೀನಾ ಆ ಅಜ್ಜಿಯ ಮುಖದ ಮೇಲೆ ಬೆರಳಿನಿಂದ ಅಂಟು ಸವರುತ್ತಾರೆ. ತಾವು ಬರೆದ ಇನ್ನೊಂದು ಚಿತ್ರವನ್ನು ಅದರ ಮೇಲಿಟ್ಟು ಹಳೆಯ ಬನಿಯನ್ ತುಂಡಿನಿಂದ ಒತ್ತುತ್ತಾರೆ.

"ಗುಳ್ಳೆ ನಿಲ್ಲಬಾರದು. ಗುಳ್ಳೆ ಇದ್ದಲ್ಲಿ ಮಕ್ಕಳ ಉಗುರು ಹೋಗ್ತದೆ" ಎನ್ನುತ್ತಾರೆ, ತಲೆ ಎತ್ತದೆ.

ಇದು ಯಾರದೋ ಪುಸ್ತಕವಲ್ಲ, ಅವರದೇ. ರಕ್ಷಾಪುಟದಲ್ಲಿ ‘ಅಜ್ಜಿಯ ಕಿವಿ’ ಎಂದಿದೆ, ಕೆಳಗೆ ರಶೀನಾರ ಹೆಸರೂ ಇದೆ. ಒಳಗಿನ ಒಂದು ಚಿತ್ರವೂ ಅವರದಲ್ಲ. ತನ್ನ ಪುಸ್ತಕದೊಳಗೆ ತನ್ನ ಚಿತ್ರವನ್ನು ತಾನೇ ಅಂಟಿಸಿಕೊಳ್ಳಬೇಕಾದ ಲೇಖಕಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ನೋಡುವುದೂ ಬೇಡ.

ರಶೀನಾ ಬರೆದ ಕಥೆಯ ಹೆಸರು ‘ಖತೀಜಮ್ಮನ ಕಿವಿ’. ಖತೀಜಮ್ಮ ಅವರ ತಾಯಿ, ಅವರ ಮಾತಿನಲ್ಲಿ ಉಮ್ಮ. ಹೋಟೆಲುಗಳಿಗೆ ಪತ್ತಿರ್ ಎಂಬ ಅಕ್ಕಿ ರೊಟ್ಟಿ ತಟ್ಟಿ ಕೊಟ್ಟು ಮಗಳನ್ನು ಸಾಕಿದವರು. ಹಳೆಯ ಕಾಲದ ಬ್ಯಾರಿ ಹೆಂಗಸರಂತೆ ಅವರ ಕಿವಿಯ ಅಂಚಿನುದ್ದಕ್ಕೂ ಚಿನ್ನದ ಸಣ್ಣ ಬಳೆಗಳಿದ್ದವು. ಅಲಿಕತ್ತ್ ಅನ್ನುತ್ತಾರೆ ಅದಕ್ಕೆ. ಕಥೆಯಲ್ಲಿ ಒಂದೊಂದು ಅಲಿಕತ್ತಿನೊಳಗೂ ಒಂದೊಂದು ಸದ್ದು ಸಿಕ್ಕಿಕೊಂಡಿದೆ. ಒಂದರಲ್ಲಿ ನೇತ್ರಾವತಿಯ ದೋಣಿಯ ಹುಟ್ಟು, ಒಂದರಲ್ಲಿ ಮೀನು ಮಾರುವವನ ಹಾರ್ನ್, ಇನ್ನೊಂದರಲ್ಲಿ ತಗಡಿನ ಮೇಲೆ ಬೀಳುವ ಮಳೆ. ಮಗಳು ಕೇಳಿದಾಗೆಲ್ಲ ಅಮ್ಮ ಒಂದೊಂದು ಸದ್ದನ್ನು ಬಿಚ್ಚಿ ಹೇಳುತ್ತಾಳೆ.

ಕಥೆಯಲ್ಲಿ ಇರುವುದು ಇಷ್ಟೇ. ಉಳಿದದ್ದು ಚಿತ್ರದಲ್ಲಿತ್ತು. ಪುಟ ತಿರುಗಿದಂತೆ ಕಿವಿಯಲ್ಲಿ ಒಂದೊಂದು ಅಲಿಕತ್ತ್ ಕಡಿಮೆಯಾಗುತ್ತ ಹೋಗುತ್ತದೆ. ಅದರ ಬಗ್ಗೆ ಬರಹದಲ್ಲಿ ಒಂದು ಮಾತೂ ಇಲ್ಲ. ಕೊನೆಯ ಪುಟದಲ್ಲಿ ಖತೀಜಮ್ಮ ನಮ್ಮ ಕಡೆ ಮುಖ ತಿರುಗಿಸಿ ನಗುತ್ತಾರೆ, ಕಿವಿ ಪೂರಾ ಖಾಲಿ.

"ಅದನ್ನು ಮಕ್ಕಳೇ ಹುಡುಕಬೇಕು ಅಂತ ಇತ್ತು ನನಗೆ. ದೊಡ್ಡವರು ಅಕ್ಷರ ಓದ್ತಾರೆ. ಮಕ್ಕಳು ಹಾಗಲ್ಲ, ಚಿತ್ರವನ್ನೇ ಓದುವುದು" ಎನ್ನುತ್ತಾರೆ ರಶೀನಾ.

ಚಿತ್ರ ಕಲಿಯಲು ಅವರು ಎರಡು ವರ್ಷ ಮೂಡುಬಿದಿರೆಗೆ ಬಸ್ಸಿನಲ್ಲಿ ಓಡಾಡಿದವರು. ಕಲಿಕೆಯ ಖರ್ಚಿಗೆ ಏನು ಮಾಡಿದಿರಿ ಅಂದರೆ "ಉಮ್ಮ ನೋಡಿಕೊಂಡರು" ಎಂದು ಮಾತು ಮುಗಿಸುತ್ತಾರೆ. ಆಮೇಲೆ ಡ್ರಾಯಿಂಗ್ ಟೀಚರ್ ಕೆಲಸಕ್ಕೆ ಅಲೆದದ್ದೇ ಬಂತು, ಕೆಲಸ ಸಿಗಲಿಲ್ಲ. ಈಗ ಮದುವೆ ಮನೆಗಳಲ್ಲಿ ಮದುಮಗಳ ಕೈಗೆ ಮೆಹಂದಿ ಹಾಕುತ್ತಾರೆ. ಕಾಲೇಜು ಮಕ್ಕಳ ರೆಕಾರ್ಡ್ ಪುಸ್ತಕದಲ್ಲಿ ಕಪ್ಪೆಯ ಹೊಟ್ಟೆ, ದಾಸವಾಳದ ಸೀಳು ಬರೆದು ಕೊಡುತ್ತಾರೆ. ಅದರಲ್ಲಿ ಬೇರೆಯವರ ಹೆಸರಿರುತ್ತದೆ. "ಮೆಹಂದಿ ಎರಡು ವಾರ ಇರ್ತದೆ, ಮತ್ತೆ ಹೋಗ್ತದೆ. ಆದ್ರೂ ಅದಕ್ಕೆ ಜನ ಸಾಲು ಹಿಡಿದು ಕೂರ್ತಾರೆ ಮಾರಾಯ್ರೆ!" ಎಂದು ನಗುತ್ತಾರೆ. ಆ ನಗು ಕೇಳಲು ಕಷ್ಟವಾಗುತ್ತದೆ.

ಖತೀಜಮ್ಮ ಕಾಯಿಲೆ ಬಿದ್ದಾಗ, ಹಾಸಿಗೆಯ ಪಕ್ಕದಲ್ಲೇ ಕೂತು ರಶೀನಾ ಆ ಚಿತ್ರಗಳನ್ನು ಬರೆದರು. ಫೋಟೊಗೆ ಯಾವತ್ತೂ ಒಪ್ಪದ ತಾಯಿ, ಮಗಳ ಪೆನ್ಸಿಲ್ ಮುಂದೆ ಮಾತ್ರ ಸುಮ್ಮನೆ ಕೂತರಂತೆ. ಮುಗಿದ ಮೇಲೆ ಎಲ್ಲ ಚಿತ್ರಗಳನ್ನೂ ರಟ್ಟಿನ ನಡುವೆ ಕಟ್ಟಿ ದೂರದ ನಗರದ ಪ್ರಕಾಶಕರೊಬ್ಬರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದರು. ಮೊಬೈಲಿನಲ್ಲಿ ತೆಗೆದಿಟ್ಟ ಪ್ರತಿಗಳು ಹಳೆಯ ಫೋನ್ ಕೆಟ್ಟಾಗ ಅದರ ಜೊತೆಗೇ ಹೋದವು. ಒಪ್ಪಿಗೆ ಬಂತು. ಅದೇ ಮಳೆಗಾಲದಲ್ಲಿ ಖತೀಜಮ್ಮ ತೀರಿಕೊಂಡರು. ಮರುವರ್ಷ ಪುಸ್ತಕದ ಪಾರ್ಸೆಲ್ ಬಂತು.

"ಬಿಚ್ಚಿದೆ. ಮೊದಲು ಪುಸ್ತಕ ಬದಲಾಗಿ ಬಂದಿದೆ ಅಂತ ಎಣಿಸಿದೆ. ಮತ್ತೆ ಹೆಸರು ನೋಡಿದೆ. ನನ್ನದೇ. ಉಮ್ಮ ಎಲ್ಲಿ ಅಂತ ಪುಟ ಪುಟ ತಿರುಗಿಸಿದೆ. ಎಲ್ಲಿಯೂ ಇಲ್ಲ."

ಪ್ರಕಾಶಕರು ಚಿತ್ರಗಳನ್ನು ಕಂಪ್ಯೂಟರಿನಿಂದ ಮಾಡಿಸಿದ್ದರು. ಒಂದು ಮಧ್ಯಾಹ್ನದ ಕೆಲಸವಂತೆ. ಖತೀಜಮ್ಮ ಎಂಬ ಹೆಸರು ಯಾಕೆ, ಅಜ್ಜಿ ಅಂದರೆ ಎಲ್ಲ ಮಕ್ಕಳಿಗೂ ಸಲ್ಲುತ್ತದೆ ಎಂದು ಅದನ್ನೂ ತೆಗೆದಿದ್ದರು. ಆ ಅಜ್ಜಿಯ ಕಿವಿ ಮೊದಲ ಪುಟದಿಂದಲೇ ಬೋಳು. ಮೂಲ ಚಿತ್ರಗಳನ್ನಾದರೂ ವಾಪಸ್ ಕೊಡಿ ಎಂದು ರಶೀನಾ ಫೋನು ಮಾಡಿ ಮಾಡಿ ಸೋತಿದ್ದಾರೆ. ಈ ಲೇಖನಕ್ಕಾಗಿ ನಾನೂ ಕರೆ ಮಾಡಿದೆ. "ಆಫೀಸ್ ಶಿಫ್ಟ್ ಆಯ್ತಲ್ಲ ಸರ್, ಎಲ್ಲೋ ಮಿಸ್ ಆಗಿರ್ಬೇಕು, ಹುಡುಕಿಸ್ತೀವಿ" ಎಂದಿತು ಆಚೆಯ ದನಿ. ಒಬ್ಬ ತಾಯಿಯ ಮುಖವನ್ನು ಕಸದ ಜೊತೆ ಗುಡಿಸಿಬಿಟ್ಟಿದ್ದೇವೆ ಎಂಬ ಅಳುಕು ಆ ದನಿಯಲ್ಲಿರಲಿಲ್ಲ. ನಾನು ಫೋನ್ ಇಟ್ಟೆ.

ಹಾಗಾಗಿ ಈಗ ರಶೀನಾ ನೆನಪಿನಿಂದ ಬರೆಯುತ್ತಾರೆ. ಒಂದೊಂದು ಪ್ರತಿಗೂ ಬೇರೆ ಬೇರೆಯಾಗಿ, ಕೈಯಲ್ಲೇ. ಖತೀಜಮ್ಮನ ಬೇರೆ ಚಿತ್ರ ಮನೆಯಲ್ಲಿಲ್ಲವೇ ಎಂದು ಕೇಳಿದೆ.

"ಆಧಾರ್ ಕಾರ್ಡಿನಲ್ಲಿ ಒಂದು ಉಂಟು. ಅದು ಉಮ್ಮ ಅಲ್ಲ, ಯಾರೋ ಕಳ್ಳಿ" ಎನ್ನುತ್ತಾರೆ. ಮುಂದಿನ ಪುಟಕ್ಕೆ ಅಂಟು ಸವರುತ್ತಾ ಹೇಳುತ್ತಾರೆ: "ಮೊದಮೊದಲು ಸರಿ ಬರ್ತಿತ್ತು. ಈಗ ಮೂಗು ನನ್ನ ಮೂಗಿನ ಹಾಗೆ ಆಗ್ತದೆ. ಪ್ರತಿ ಸಲ ಬರೆದಾಗಲೂ ಉಮ್ಮ ಸ್ವಲ್ಪ ಸ್ವಲ್ಪ ತಪ್ಪಿ ಹೋಗ್ತಾರೆ. ಬರೆಯದಿದ್ದರೆ ಪೂರಾ ಹೋಗ್ತಾರೆ. ಎಂತ ಮಾಡುವುದು ಹೇಳಿ?"

ಗಂಡ ಝುಬೈರ್ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದಾರೆ. "ಇವಳಿಗೆ ಮರ್ಲ್, ತಲೆ ಸರಿ ಇಲ್ಲ ಅಂತ ನೆಂಟರೆಲ್ಲ ಹೇಳ್ತಾರೆ. ನಾನೂ ಒಮ್ಮೊಮ್ಮೆ ಹೇಳಿದ್ದುಂಟು" ಎನ್ನುತ್ತಾ ಗೋಣಿಚೀಲದಂಥ ಕೈಚೀಲಕ್ಕೆ ಪುಸ್ತಕಗಳನ್ನು ಅವರೇ ತುಂಬುತ್ತಾರೆ. ಒದ್ದೆ ಪುಟ ಒಂದಕ್ಕೊಂದು ಹಿಡಿಯದ ಹಾಗೆ ನಡುನಡುವೆ ಚಪ್ಪಲಿ ಪೆಟ್ಟಿಗೆಯ ತೆಳು ಕಾಗದ ಇಡುತ್ತಾರೆ.

ಚೀಲ ಹೊತ್ತು ನಾವು ಬಸ್ಸು ಹಿಡಿದು ಮೂಡುಬಿದಿರೆಗೆ, ಅಲ್ಲಿಂದ ಆಟೊದಲ್ಲಿ ಪುತ್ತಿಗೆಗೆ ಹೋಗುತ್ತೇವೆ. ಅಲ್ಲಿನ ಅಂಗನವಾಡಿಯ ಟೀಚರ್ ನೀಲಾವತಿ, ರಶೀನಾ ಜೊತೆ ಚಿತ್ರ ಕಲಿತವರು. ಹತ್ತಿರದ ಶಾಲೆಗಳವರು ತೇಪೆ ಹಾಕಿದ ಪುಸ್ತಕ ಬೇಡವೆಂದಾಗ ಬಾ ಎಂದದ್ದು ಇವರೊಬ್ಬರೇ.

ಮಕ್ಕಳು ಪುಸ್ತಕಗಳ ಸುತ್ತ ಗುಂಪುಗೂಡುತ್ತಾರೆ. ವಿಸ್ಮಿತಾ ಎಂಬ ಪುಟ್ಟ ಹುಡುಗಿ ಕಳೆದ ಬಾರಿ ಕೊಟ್ಟ ಪ್ರತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ. ಕೊನೆಯ ಪುಟ ತೆರೆದಿದೆ. ಖತೀಜಮ್ಮನ ಮುಖದ ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಕೆಳಗಿನ ಹೊಳೆಯುವ ಅಜ್ಜಿಯನ್ನು ಇಣುಕಿ ನೋಡಿ ನಗುತ್ತಾಳೆ. ಆಮೇಲೆ ಒಂದೇ ಸಲಕ್ಕೆ ಪರ್ರನೆ ಕಿತ್ತೇಬಿಡುತ್ತಾಳೆ.

"ಅಯ್ಯೋ, ಎಂತ ಮಾಡಿದಿ ಮಗಾ!" ನೀಲಾವತಿ ಓಡಿ ಬರುತ್ತಾರೆ.

"ಬಿಡಿ ಟೀಚರ್, ಬೈಯಬೇಡಿ. ಅವಳಿಗೆ ಆ ಅಜ್ಜಿ ಚಂದ ಕಂಡಿತು. ಬಣ್ಣ ಉಂಟಲ್ಲ" ಎನ್ನುತ್ತಾರೆ ರಶೀನಾ. ನೆಲದ ಮೇಲೆ ಬಿದ್ದ ತುಂಡುಗಳನ್ನು ಹೆಕ್ಕಿ ಪರ್ಸಿನಲ್ಲಿಟ್ಟುಕೊಳ್ಳುತ್ತಾರೆ. ನೀಲಾವತಿ ಆಚೆ ತಿರುಗಿ ಕಣ್ಣೊರೆಸಿಕೊಳ್ಳುತ್ತಾರೆ.

ಮೂಡುಬಿದಿರೆ ಬಸ್ ಸ್ಟ್ಯಾಂಡಿನಲ್ಲಿ ಬೆನ್ನಿಗೆ ಬ್ಯಾಗು ಹಾಕಿದ ಕಾಲೇಜು ಮಕ್ಕಳ ನಡುವೆ ನಿಂತು ನಾವು ವಾಪಸ್ ಬಸ್ಸು ಕಾಯುತ್ತೇವೆ. ಇನ್ನು ಸಾಕು ಅನಿಸುವುದಿಲ್ಲವೇ ಎಂದು ಕೇಳುತ್ತೇನೆ.

"ದಿನಾ ಅನಿಸ್ತದೆ. ಒಂದು ಆಸೆ ಉಂಟು. ಯಾವುದಾದರೂ ಒಂದು ಮಗು ಪುಟ ತಿರುಗಿಸಿ, ಈ ಉಮ್ಮನ ಕಿವಿಯಲ್ಲಿದ್ದದ್ದೆಲ್ಲ ಎಲ್ಲಿ ಹೋಯಿತು ಅಂತ ಕೇಳಬೇಕು. ಒಂದು ಮಗು ಸಾಕು. ಈವರೆಗೆ ಯಾರೂ ಕೇಳಲಿಲ್ಲ."

"ಕೇಳಿದರೆ ಏನು ಹೇಳುತ್ತೀರಿ?"

ರಶೀನಾ ಬಸ್ಸು ಬರುವ ದಿಕ್ಕು ನೋಡುತ್ತಾರೆ.

"ನನಗೆ ಚಿತ್ರ ಕಲಿಯಬೇಕಿತ್ತಲ್ಲ ಮಗಾ, ಒಂದೊಂದಾಗಿ ಮಾರಿದರು ಅಂತ ಹೇಳ್ತೇನೆ."