ಕಾಗದದ ಕಾಲು ನೋಡುತ್ತಿದ್ದ ಮರುಳಪ್ಪನವರು

ಅರ್ಜಿ ಮರುಳಪ್ಪನವರು ಯಾವ ಕಾಗದವನ್ನೂ ಮೇಲಿನಿಂದ ಓದಿದವರಲ್ಲ. ಲಗ್ನಪತ್ರಿಕೆ ಕೊಟ್ಟರೂ ಮೊದಲು ಅಡಿಗೆ ಕಣ್ಣು ಹಾಯಿಸಿ, "ಪ್ರೆಸ್ಸು ತುಮಕೂರಿಂದು" ಎಂದು ತೀರ್ಪು ಕೊಟ್ಟು, ಆಮೇಲೆ ಗಂಡು ಹೆಣ್ಣು ಯಾರೆಂದು ನೋಡುತ್ತಿದ್ದರು. "ಮನುಷ್ಯನಾದ್ರೆ ಮುಖ ನೋಡು, ಕಾಗದವಾದ್ರೆ ಕಾಲು ನೋಡು ಕಣೋ" ಎನ್ನುವುದು ಅವರ ಮಾತು. ಸಹಿ, ಮೊಹರು, ಕಲಮು, ತಾರೀಕು ಎಲ್ಲ ಇರುವುದು ಅಡಿಯಲ್ಲಲ್ಲವೆ?

ತೊಂಬತ್ತರ ದಶಕದಲ್ಲಿ ಗುಬ್ಬಿಯ ಕಚೇರಿ ಬೀದಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಅದರ ಮೆಟ್ಟಿಲ ಪಕ್ಕ ಮಡಿಸುವ ಮೇಜು ಹಾಕಿಕೊಂಡು ಮರುಳಪ್ಪನವರು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಮೂರು ಪೆನ್ನು, ಒಂದು ಕಾಲಿಗೆ ದಾರ ಕಟ್ಟಿದ ಕನ್ನಡಕ. ಎದುರಿಗೆ ಗಂಗಮ್ಮನ ಇಡ್ಲಿ ಒಲೆ. ಗಂಡ ಹೋದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಆಕೆ ಆ ಹಬೆಯಲ್ಲೇ ಬೆಳೆಸುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಸುತ್ತಮುತ್ತ ವಾಂತಿಭೇದಿ ಹಬ್ಬಿತು. ಆರೋಗ್ಯ ಇಲಾಖೆಯವರು ಆಟೋಗೆ ಮೈಕು ಕಟ್ಟಿ, ಬೀದಿಬದಿ ತಿಂಡಿ ತಿನ್ನಬೇಡಿ ಎಂದು ಸಾರಿದರು. ಮಾರನೆಯ ಬೆಳಿಗ್ಗೆ ಜೀಪೊಂದು ಬಂದು ಒಲೆಯ ಮುಂದೆ ನಿಂತಿತು. ಎಳೆಯ ಅಧಿಕಾರಿಯೊಬ್ಬ ಇಳಿದು ಇಡ್ಲಿ ಪಾತ್ರೆಗೆ ಕೈ ಹಾಕಿದ.

"ಸರ್ಕಾರದ ಆರ್ಡರ್ ಕಣಮ್ಮ. ಜಪ್ತಿ."

"ಇದನ್ನ ತಗೊಂಡೋದ್ರೆ ನಾಳೆ ನನ್ ಮಕ್ಕಳಿಗೇನಿಕ್ಲಿ ಸ್ವಾಮಿ?" ಗಂಗಮ್ಮ ಪಾತ್ರೆಯ ಇನ್ನೊಂದು ಕಿವಿ ಹಿಡಿದು ನಿಂತಳು.

ಮರುಳಪ್ಪನವರು ಕನ್ನಡಕ ಒರೆಸುತ್ತಾ ನಿಧಾನವಾಗಿ ಬೀದಿ ದಾಟಿದರು. "ಆರ್ಡರ್ರಾ? ಕೊಡಿ ಸ್ವಾಮಿ, ಕಣ್ಣಿಗೊತ್ಕೊಂಡು ಓದ್ತೀನಿ."

ಅಧಿಕಾರಿ ಕೊಟ್ಟದ್ದು ಹಳದಿ ಕರಪತ್ರ. ಮರುಳಪ್ಪನವರು ಸಂಪ್ರದಾಯದಂತೆ ಅಡಿಯಿಂದ ಶುರು ಮಾಡಿದರು.

"ಇಲ್ಲಿ ಪ್ರೆಸ್ಸಿನ ಹೆಸರು ಬಿಟ್ರೆ ಏನೂ ಇಲ್ವಲ್ಲ! ಪ್ರೆಸ್ಸಿನೋರು ಪಾತ್ರೆ ಜಪ್ತಿ ಮಾಡ್ಬೋದು ಅಂತ ಯಾವಾಗ ಕಾನೂನಾಯ್ತು? ಮೇಲ್ಗಡೆ ನೋಡಿದ್ರೆ 'ಸಾರ್ವಜನಿಕರಲ್ಲಿ ವಿನಂತಿ' ಅಂತೈತೆ. ವಿನಂತಿ ಮಾಡಕ್ಕೆ ಬಂದೋರು ಕೈ ಮುಗೀತಾರೆ, ಪಾತ್ರೆ ಹಿಡಿಯಲ್ಲ."

"ಎಮರ್ಜೆನ್ಸಿ ಕಣ್ರೀ! ಜನ ಸಾಯ್ತಾವ್ರೆ!"

"ಅದುಕ್ಕೇ ಬೇಗ ಆಗ್ಲಿ ಅಂತಿರೋದು. ಯಾವ ಕಾಯ್ದೆ, ಯಾವ ಕಲಮು ಅಂತ ಬರ್ದು ಸಹಿ ಮಾಡಕ್ಕೆ ಎಷ್ಟೊತ್ತು ಬೇಕು? ತಗೊಳ್ಳಿ, ಪೆನ್ನು ನಂದೇ."

ಚಾಚಿದ ಪೆನ್ನನ್ನು ಯಾರೂ ಮುಟ್ಟಲಿಲ್ಲ. ಜೀಪು ಹೋಯಿತು. ಬೀದಿಯವರೆಲ್ಲ ಹೋ ಎಂದು ನಕ್ಕು, ಗೆದ್ದ ಖುಷಿಗೆ ಎರಡೆರಡು ಇಡ್ಲಿ ಹೇಳಿದರು. ಆದರೆ ಮರುಳಪ್ಪನವರು ಚಟ್ನಿ ಬೋಸಿಗೆ ಅಡ್ಡ ನಿಂತರು.

"ಇದಕ್ಕೆ ಕಾದಾರಿದ ನೀರು ಹಾಕಿದ್ಯೇನಮ್ಮ?"

"ನಲ್ಲಿ ನೀರು ಕಣಣ್ಣ."

"ಚೆಲ್ಲು."

"ಅಯ್ಯೋ! ಜೀಪಿನೋರು ಬರೀ ಪಾತ್ರೆ ಕೇಳಿದ್ರು, ನೀವು ಚಟ್ನೀನೇ ಚೆಲ್ಲುಸ್ತೀರಲ್ಲ!"

"ಆ ಕಾಗದ ಕಾನೂನಲ್ಲ ಅಂದೆ, ಸುಳ್ಳು ಅಂದ್ನಾ? ಭೇದಿ ಹುಳ ಕಲಮು ನೋಡ್ಕೊಂಡು ಹೊಟ್ಟೆಗಿಳಿಯಲ್ಲ."

ಚಟ್ನಿ ಮೋರಿಗೆ ಹೋಯಿತು. ಮರುಳಪ್ಪನವರು ಎರಡು ದಿನ ಮೇಜು ಬಿಟ್ಟು ಬಂದು, ನೀರು ಕುದಿಯುವುದನ್ನು ಕಾಯುತ್ತಾ ಒಲೆಯ ಮುಂದೆಯೇ ಕೂತರು.

ಮೂರನೆಯ ದಿನ ಅದೇ ಜೀಪು ಬಂತು. ಈ ಸಲ ಅಧಿಕಾರಿ ಇಳಿದವನೇ ಮರುಳಪ್ಪನವರ ಮೇಜಿನ ಮೇಲೆ ಒಂದು ಕಾಗದವನ್ನು ಅಡಿ ಮುಂದೆ ಮಾಡಿಯೇ ಇಟ್ಟ. ಸಹಿ, ಮೊಹರು, ಕಾಯ್ದೆ, ಕಲಮು ಎಲ್ಲ ಇದ್ದವು. ಬೀದಿಬದಿ ತಿಂಡಿ ಹತ್ತು ದಿನ ಬಂದ್.

"ಏನಾದ್ರೂ ಸಂದು ಹುಡುಕಣ್ಣ" ಎಂದಳು ಗಂಗಮ್ಮ.

ಅವರು ಎರಡು ಸಲ ಓದಿದರು. "ಕಾಲು ಗಟ್ಟಿಯಾಗೈತೆ ತಾಯಿ. ಒಲೆ ಆರ್ಸು."

"ಎಲ್ಲಾ ನಿಮ್ಮಿಂದ್ಲೇ! ಪೆನ್ನು ಕೊಡ್ತೀನಿ, ಸಹಿ ಹಾಕಿ ಅಂದ್ರಲ್ಲ, ಹಾಕ್ಬುಟ್ರು ನೋಡಿ!"

ಬೀದಿಯೆಲ್ಲ ನಕ್ಕಿತು. ಮರುಳಪ್ಪನವರೊಬ್ಬರು ನಗಲಿಲ್ಲ. ಹತ್ತು ದಿನ ಗಂಗಮ್ಮ ಅವರ ಜೊತೆ ಮಾತು ಬಿಟ್ಟಳು. ಅಷ್ಟು ದಿನವೂ ಅವರು ಬೇರೆಲ್ಲೂ ತಿಂಡಿ ತಿನ್ನಲಿಲ್ಲ. ಅವರ ಮನೆಯಿಂದ ರಾಗಿ, ಅಕ್ಕಿ ಮಾತ್ರ ಅವಳ ಮನೆಗೆ ಹೋಗುತ್ತಿತ್ತು. ಅದನ್ನು ಆಕೆ ಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದಳು.

ಹನ್ನೊಂದನೆಯ ಬೆಳಿಗ್ಗೆ ನಾನು ಬಾಗಿಲು ತೆಗೆಯುವಷ್ಟರಲ್ಲಿ ಅವರು ಆದೇಶದ ಜೆರಾಕ್ಸ್ ಹಿಡಿದು ಗಂಗಮ್ಮನ ಬೆಂಚಿನ ಮೇಲೆ ಕೂತಿದ್ದರು. "ನೋಡಮ್ಮ, ಮುಗಿಯೋ ತಾರೀಕೂ ಕಾಲಲ್ಲೇ ಐತೆ. ಆ ಹಳದಿ ಕಾಗದಕ್ಕೆ ಹೆದರಿ ಮುಚ್ಚಿದ್ರೆ, ಯಾವತ್ತು ತೆಗೀಬೇಕು ಅಂತ ಯಾರನ್ನ ಕೇಳ್ತಿದ್ದೆ? ಎರಡು ಇಡ್ಲಿ ಕೊಡು."

"ಚಟ್ನಿಗೆ ಕಾದಾರಿದ ನೀರೇ" ಎಂದಳು ಗಂಗಮ್ಮ, ಅವರು ಕೇಳುವ ಮೊದಲೇ.

ಮುಂದೆ ಕಣ್ಣು ಮಂಜಾಗಿ ಅವರು ಕುಣಿಗಲ್ಲಿನ ಮಗಳ ಮನೆ ಸೇರಿದರು. ಕೆಲವು ವರ್ಷಗಳ ಮೇಲೆ ಅಂಚೆಯಲ್ಲಿ ಒಂದು ಕಾರ್ಡು ಬಂತು. ಅಭ್ಯಾಸಬಲದಿಂದ ಅಡಿ ನೋಡಿದೆ. 'ದುಃಖತಪ್ತರು' ಪಟ್ಟಿಯ ಕಟ್ಟಕಡೆಗೆ ಅಚ್ಚಾಗಿತ್ತು: ತಂಗಿ ಗಂಗಮ್ಮ, ಇಡ್ಲಿ ಅಂಗಡಿ, ಗುಬ್ಬಿ. ಮೇಲೆ ಓದಿದಾಗ ತಿಳಿಯಿತು, ಅದು ಮರುಳಪ್ಪನವರ ಶಿವಗಣಾರಾಧನೆಯ ಕಾರ್ಡು.

ಗಂಗಮ್ಮನಿಗೆ ಓದಿ ಹೇಳಿದೆ. ಆಕೆಯ ಅಳು ನೋಡಲಾರದೆ, "ಇದು ಬರೀ ವಿನಂತಿ ಕಣಮ್ಮ. ಸಹಿ ಇಲ್ಲ, ಕಲಮಿಲ್ಲ. ಹೋಗ್ಲೇಬೇಕು ಅಂತೇನಿಲ್ಲ" ಎಂದೆ.

"ಬಾಯ್ ಮುಚ್ಕೊಂಡು ಬಸ್ ಹತ್ತೋ" ಎಂದು ಸೆರಗಿನಲ್ಲಿ ಮೂಗೊರೆಸಿಕೊಂಡಳು.

ಆವತ್ತು ಅವಳ ಒಲೆ ಯಾವ ಆದೇಶವೂ ಇಲ್ಲದೆ ಆರಿತ್ತು.