ಆರು ಮಿರ್ಚಿ

ಜೇವರ್ಗಿಯ ಒಂದು ಹೈಸ್ಕೂಲಿಗೆ ಆರೋಗ್ಯ ಇಲಾಖೆಯಿಂದ ಹೋಗಿ ಹೃದಯರೋಗದ ಬಗ್ಗೆ ಪಾಠ ಮಾಡುತ್ತಿದ್ದೆ. ಉಪ್ಪು, ಕರಿದ ತಿಂಡಿ, ತಂಬಾಕು, ಕೂತಲ್ಲೇ ಕೂರುವುದು, ಎಲ್ಲವನ್ನೂ ಬೈದಾಯಿತು. ಬಿ.ಪಿ. ನೋಡಿಸಿಕೊಳ್ಳಲು ಮಕ್ಕಳು ಹೆದರಿದರು. ಅವರಿಗೆ ಧೈರ್ಯ ಬರಲೆಂದು ಮಷಿನ್ನಿನ ಪಟ್ಟಿಯನ್ನು ನನ್ನ ತೋಳಿಗೇ ಸುತ್ತಿಕೊಂಡೆ. ಮಷಿನ್ ತೋರಿಸಿದ ಅಂಕಿ, ಅಪಾಯ ಎಂದು ನಾನೇ ಬೋರ್ಡಿನ ಮೇಲೆ ಬರೆದಿದ್ದ ಅಂಕಿಯನ್ನೂ ದಾಟಿತ್ತು.

ಮುಂದಿನ ಬೆಂಚಿನ ರುಕ್ಸಾನಾ ನೋಟ್‌ಬುಕ್ ತೆರೆದು, ಮನೆಯವರನ್ನು ಕೇಳಲೆಂದು ನಾನು ಬರೆಸಿದ್ದ ಪ್ರಶ್ನೆಗಳನ್ನು ನನಗೇ ಕೇಳತೊಡಗಿದಳು.

"ಮುಂಜಾನೆ ಏನ್ ತಿಂದೀರಿ ಸರ್?"

"ಮಂಡಕ್ಕಿ ಸುಸಲಾ. ಅದರ ಜೋಡಿ ಎರಡು ಮಿರ್ಚಿ ಭಜಿ."

"ಆರು ತಿಂದೀರಿ. ಬಸ್‌ಸ್ಟ್ಯಾಂಡ್ ಮುಂದಿನ ಬಂಡಿ ನಮ್ಮ ಅಬ್ಬಾಂದು. ಪ್ಲೇಟ್ ನಾನೇ ಕೊಟ್ಟೇನಿ."

ಪಕ್ಕದಲ್ಲಿದ್ದ ಹೆಡ್‌ಮಾಸ್ತರು ಮೆಲ್ಲಗೆ ಕಿಸೆಯ ತಂಬಾಕಿನ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಹೊರಗೆ ಹೋದರು.

ಮುಂದಿನ ವಾರ ಅದೇ ಬಂಡಿಗೆ ಹೋದರೆ ಅವಳ ಅಬ್ಬಾ ನನ್ನ ಪ್ಲೇಟಿಗೆ ಎರಡೇ ಮಿರ್ಚಿ ಹಾಕಿದರು. "ಇಷ್ಟೇರಿ ಸರ್. ಮಗಳು ತಾಕೀತ್ ಮಾಡ್ಯಾಳ."

ನನ್ನ ಪಾಠ ಇಷ್ಟು ಚೆನ್ನಾಗಿ ಯಾರ ತಲೆಗೂ ಹೋದದ್ದಿಲ್ಲ. ಆ ಸಂತೋಷಕ್ಕೆ ಉಳಿದ ನಾಲ್ಕನ್ನು ಎದುರಿನ ಬಂಡಿಯಲ್ಲಿ ತಿಂದೆ.