ತಮ್ಮನಿಗೆ ಹಾಕಿದ ಎಲೆ

ಸತ್ತವರು ಬಂದು ಉಣ್ಣುತ್ತಾರೆ ಎಂಬುದನ್ನು ನಾನು ನಂಬಿದವನಲ್ಲ. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಲೆ ಹಾಕಿ ಬಡಿಸುವುದು, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುವುದು, ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು, ಎಲ್ಲವನ್ನೂ ಅಪ್ಪ ಮಾಡುತ್ತಿದ್ದರೆಂದು ಮಾಡುತ್ತಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಉಡುಪಿ ಕಡೆಯಿಂದ ಚೆನ್ನೈಗೆ ಬಂದವನು ನಾನು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀವು ನಂಬಲೇಬೇಕೆಂದಿಲ್ಲ.

ಮೈಲಾಪೂರಿನಲ್ಲಿ ನಮ್ಮದೊಂದು ಸಣ್ಣ ಮೆಸ್ಸು. ನಾನೂ ತಮ್ಮ ರತ್ನಾಕರನೂ ಸೇರಿ ಕಟ್ಟಿದ್ದು. ಇಬ್ಬರಿಗೂ ಜಗಳವಾಗಿ ಅವನು ಇರಾಕಿನ ಒಂದು ಆಸ್ಪತ್ರೆಗೆ ಅಡುಗೆಯವನಾಗಿ ಹೋದ. ಸಿಟ್ಟು ಇಳಿದ ಮೇಲೆ ಫೋನ್ ಮಾಡುತ್ತಿದ್ದ. "ನಿನ್ನ ಸಾಂಬಾರು ಉಂಡವರೆಲ್ಲ ಇಲ್ಲಿಗೇ ಬಂದು ಅಡ್ಮಿಟ್ ಆಗ್ತಿದ್ದಾರೆ ಅಣ್ಣ" ಎಂದು ಚುಚ್ಚುತ್ತಿದ್ದ.

ಆಮೇಲೆ ಅವನಿದ್ದ ಊರಿಗೆ ಜಿಹಾದಿನ ಹೆಸರು ಹೇಳಿಕೊಂಡು ಒಂದು ಗುಂಪು ಬಂತು. ಮೊದಲು ನಾಲ್ಕಾರು ಜೀಪು, ಸ್ವಲ್ಪ ದಿನಕ್ಕೆ ಊರೇ ಅವರದು. ಒಂದು ಸಂಜೆ ಅವನು ದನಿ ತಗ್ಗಿಸಿ ಮಾತಾಡಿದ.

"ಅಣ್ಣ, ಆಸ್ಪತ್ರೆ ತಾರಸಿಗೆ ದೊಡ್ಡ ಬಂದೂಕು ಹತ್ತಿಸಿದ್ದಾರೆ. ನಾಳೆ ನಮ್ಮ ದೇಶದ ನರ್ಸುಗಳನ್ನು ಊರಿಗೆ ಕಳಿಸುವ ಬಸ್ಸು ಹೊರಡ್ತದೆ. ನಾನೂ ಬರ್ಲಾ?"

"ದಾರಿಯಲ್ಲಿ ಹೊಡೆದು ಹಾಕಿದ್ರೆ ಎಂತ ಮಾಡ್ತಿ? ಆಸ್ಪತ್ರೆಯನ್ನು ಯಾರೂ ಮುಟ್ಟುದಿಲ್ಲ ಮಾರಾಯ. ಅಲ್ಲೇ ಇರು."

"ನೀನು ಹೇಳಿದ್ರೆ ಇರ್ತೇನೆ."

ಕಾಳಜಿಯಿಂದ ಹೇಳಿದ ಮಾತಲ್ಲ ಅದು. ಬಂದರೆ ಮೆಸ್ಸಿನಲ್ಲಿ ಪಾಲು ಕೇಳುತ್ತಾನೆ ಎಂಬ ಭಯ. ಹೆಂಡತಿ ಶಾರದೆಗೂ ಇದನ್ನು ಹೇಳಿಲ್ಲ. ನರ್ಸುಗಳು ಕ್ಷೇಮವಾಗಿ ಊರು ಸೇರಿದರು. ಕೆಲವೇ ದಿನಗಳಲ್ಲಿ ಆ ಗುಂಪನ್ನು ಓಡಿಸಲು ವಿಮಾನಗಳು ಬಂದು ಆಸ್ಪತ್ರೆಯ ಮೇಲೆ ಬಾಂಬು ಹಾಕಿದವು.

ಯುದ್ಧಕ್ಕೂ ಕಾನೂನು ಉಂಟೆಂದು ಊಟಕ್ಕೆ ಬರುವ ವಕೀಲರೊಬ್ಬರು ತಿಳಿಸಿದರು. ಆಸ್ಪತ್ರೆಯೊಳಗೆ ಅಡಗಿ ಗುಂಡು ಹಾರಿಸಬಾರದು. ಒಳಗೆ ಶತ್ರು ಇದ್ದಾನೆಂದು ರೋಗಿಗಳ ಮೇಲೆ ಬಾಂಬು ಸುರಿಯಬಾರದು. ಸತ್ತವರ ಗುರುತು ಹಿಡಿದು ಮನೆಯವರಿಗೆ ತಿಳಿಸಬೇಕು. ಕೇಳಿ ನನ್ನ ಮೈ ಉರಿಯಿತು. ದೇವರ ಹೆಸರಿನಲ್ಲಿ ಬಂದವರು ಅದೇ ದೇವರಿಗೆ ಕೈಮುಗಿಯುವ ರೋಗಿಗಳನ್ನು ಗುರಾಣಿ ಮಾಡಿಕೊಂಡರು. ಅವರನ್ನು ಓಡಿಸಲು ಬಂದವರು ಹಾಸಿಗೆಯಲ್ಲಿ ಮಲಗಿದ್ದವರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಒಬ್ಬ ಅಡುಗೆಯವ ಏನಾದ ಎಂದು ಹೇಳುವಷ್ಟು ಮನುಷ್ಯತ್ವ ಎರಡೂ ಕಡೆ ಇರಲಿಲ್ಲ. ಹೆಣವೂ ಇಲ್ಲ, ಸುದ್ದಿಯೂ ಇಲ್ಲ.

ವರ್ಷಗಟ್ಟಲೆ ಕಾದ ಮೇಲೆ ನೆಂಟರು ಒತ್ತಾಯಿಸಿದರು. ಒಂದು ಮಹಾಲಯ ಅಮಾವಾಸ್ಯೆಗೆ ಅಪ್ಪ ಅಮ್ಮನ ಎಲೆಗಳ ಪಕ್ಕದಲ್ಲಿ ಅವನಿಗೂ ಒಂದು ಎಲೆ ಹಾಕಿದೆ. ನಡು ಮಧ್ಯಾಹ್ನ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬಾಗಿಲು ಎಳೆದು ನಾನು, ಶಾರದೆ, ಮಗಳು ಮೂವರೂ ಹೊರಗೆ ನಿಂತೆವು. ಒಳಗೆ ಬೇರೆ ಬಾಗಿಲಿಲ್ಲ.

"ಪಸಿಕ್ಕುದುಪ್ಪಾ" ಎಂದು ಮಗಳು ತಮಿಳಿನಲ್ಲಿ ಗೊಣಗಿದಳು.

"ಹಿರಿಯರು ಉಂಡಾಗಲಿ, ಆಮೇಲೆ ನಿನ್ನ ಹಸಿವೆ" ಎಂದು ಶಾರದೆ ಗದರಿದಳು.

ಬಾಗಿಲು ತಟ್ಟಿ ತೆರೆದೆ. ಅಪ್ಪ ಅಮ್ಮನ ಎಲೆಗಳು ಬಡಿಸಿದ ಹಾಗೆಯೇ ಇದ್ದವು. ರತ್ನಾಕರನ ಎಲೆ ಮಡಚಿಕೊಂಡಿತ್ತು. ಒಳಗೆ ಅನ್ನ, ಪಲ್ಯ, ಪಾಯಸ ಎಲ್ಲ ಹಾಗೇ. ಒಂದು ಅಗುಳೂ ಮುಟ್ಟಿರಲಿಲ್ಲ.

"ಮಡಚಿದ್ದು ಯಾರು?" ಎಂದಳು ಶಾರದೆ.

ಚಿಕ್ಕಂದಿನಲ್ಲಿ ನನ್ನ ಮೇಲೆ ಸಿಟ್ಟು ಬಂದರೆ ಅವನು ಹೀಗೆಯೇ ಬಡಿಸಿದ ಎಲೆಯನ್ನು ಮಡಚಿ ಎದ್ದು ಹೋಗುತ್ತಿದ್ದ. ಅದು ಶಾರದೆಗೆ ಗೊತ್ತಿರಲಿಲ್ಲ.

ಬದುಕಿರುವವನಿಗೆ ಸತ್ತವರ ಎಲೆ ಹಾಕಿದಿರಲ್ಲ ಎಂದನೋ, ಸತ್ತರೂ ನಿನ್ನ ಕೈಯ ಅನ್ನ ಬೇಡ ಎಂದನೋ, ನನಗೆ ಇವತ್ತಿಗೂ ತಿಳಿದಿಲ್ಲ. ಇದಕ್ಕೆ ಉತ್ತರ ಕೊಡಬೇಕಾದವರು ಬಂದೂಕು ಹಿಡಿದವರು, ಬಾಂಬು ಹಾಕಿದವರು. ಅವರು ಬಾಯಿ ಬಿಡುವುದಿಲ್ಲ. ನಾನು ಒಂದು ಬಾಳೆಎಲೆಯನ್ನು ಕೇಳುತ್ತ ಕೂತಿದ್ದೇನೆ.

ಈ ಸಲವೂ ಅಮಾವಾಸ್ಯೆಯ ಹಿಂದಿನ ದಿನ ಎಲೆ ತರಲು ಹೊರಟ ಶಾರದೆ ಹೊಸ್ತಿಲಲ್ಲಿ ನಿಂತು, "ಎರಡೋ, ಮೂರೋ?" ಎಂದು ಕೇಳಿದಳು. ನಾನು ತಲೆ ತಗ್ಗಿಸಿದೆ. ಅವಳು ಚೀಲ ಕೆಳಗಿಟ್ಟು, ಹೋಗದೆ ಅಲ್ಲೇ ಕೂತುಬಿಟ್ಟಳು.